ಕಾಬೂಲಿನಲ್ಲಿ ಮರಳಿ ತೆರೆದ ಬಾಗಿಲು

2025ನೆಯ ಇಸವಿ ಅಕ್ಟೋಬರ್ 21ನೆಯ ತಾರೀಖಿನಂದು ಭಾರತ ಸರ್ಕಾರದವರು ಕಾಬೂಲು ನಗರದಲ್ಲಿ ‘ತಾಂತ್ರಿಕ ನಿಯೋಗ’ವೆಂಬ ಹೆಸರಿನಿಂದ ನಡೆಯುತ್ತಿದ್ದ ತಮ್ಮ ಕಛೇರಿಗೆ ರಾಯಭಾರ ಕಛೇರಿಯ ಸ್ಥಾನವನ್ನು ಮರಳಿ ಕೊಟ್ಟ ಸಂಗತಿಯು ವಾಚಕರಿಗೆ ವಿದಿತವೇ ಇದೆ. ಈ ಕಾರ್ಯವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ತಲೆದೋರಿವೆ. ಸ್ತ್ರೀಯರಿಗೆ ವಿದ್ಯೆಯ ಬಾಗಿಲನ್ನು ಮುಚ್ಚಿದ ತಾಲಿಬಾನರೊಡನೆ ನಮಗೆ ಸ್ನೇಹವೇಕೆಂದು ಕೆಲವರು ಕೇಳುತ್ತಾರೆ. ರಾಜ್ಯವನ್ನು ಆಳುವವರು ಯಾರಾದರೂ ಆಗಲಿ, ನಮ್ಮ ಕೆಲಸ ನಡೆದರೆ ಸಾಕೆಂದು ಮತ್ತೆ ಕೆಲವರು ಹೇಳುತ್ತಾರೆ. ಕಛೇರಿಯನ್ನು ತೆರೆದುದು ಯುಕ್ತವೆಂಬುದೇ ನಮ್ಮ ಮತ. ಆದರೆ ಅದು ಯಾರಿಗಾಗಿ ತೆರೆದಿದೆಯೆಂಬುದನ್ನು ಸರ್ಕಾರದವರು ಮರೆಯಕೂಡದು.

ರಾಯಭಾರ ಕಛೇರಿಯೆಂದರೆ ಒಂದು ಸರ್ಕಾರವು ಮತ್ತೊಂದು ಸರ್ಕಾರಕ್ಕೆ ಬರೆದುಕೊಡುವ ಸನ್ನಡತೆಯ ಪ್ರಮಾಣಪತ್ರವಲ್ಲ. 1961ರಲ್ಲಿ ವಿಯೆನ್ನಾ ನಗರದಲ್ಲಿ ರಾಷ್ಟ್ರಗಳೆಲ್ಲ ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ ಅದರ ಕಾರ್ಯಗಳನ್ನು ಸ್ಪಷ್ಟವಾಗಿ ಹೇಳಿದೆ: ಸ್ವದೇಶವನ್ನು ಪ್ರತಿನಿಧಿಸುವುದು, ಸ್ವದೇಶದ ಪ್ರಜೆಗಳ ಹಿತವನ್ನು ಕಾಯುವುದು, ಸಂಧಾನ ನಡೆಸುವುದು, ಆ ನಾಡಿನ ಸ್ಥಿತಿಗತಿಗಳನ್ನು ನ್ಯಾಯವಾದ ಮಾರ್ಗದಿಂದ ತಿಳಿದು ವರದಿ ಮಾಡುವುದು, ಸ್ನೇಹವನ್ನು ಬೆಳೆಸುವುದು. ಆಳುವವರನ್ನು ಹೊಗಳುವುದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಕಾಬೂಲು ನಗರವು ಪರದೇಶದ ದೂತರ ಪಾಲಿಗೆ ಎಂದೂ ಸುಲಭವಾದ ಸ್ಥಳವಾಗಿರಲಿಲ್ಲ. 1879ರ ಮೇ ತಿಂಗಳಲ್ಲಿ ಬ್ರಿಟಿಷರು ಗಂಡಮಕ್ ಒಪ್ಪಂದದ ಮೂಲಕ ತಮ್ಮ ಪ್ರತಿನಿಧಿಯನ್ನು ಅಮೀರನ ಮೇಲೆ ಬಲಾತ್ಕಾರವಾಗಿ ಹೇರಿದರು. ಅದೇ ವರ್ಷ ಸೆಪ್ಟೆಂಬರ್ 3ರಂದು ದಂಗೆಯೆದ್ದ ಅಫಘಾನ್ ಸೈನಿಕರು ಆ ಪ್ರತಿನಿಧಿ ಕ್ಯಾವಗ್ನಾರಿಯನ್ನು ಕೊಂದರು. ಆತನ ಕಾವಲಿಗಿದ್ದ ಹಿಂದುಸ್ಥಾನದ ಸಿಪಾಯಿಗಳೂ ಶರಣಾಗದೆ ಕಾದಾಡಿ, ಬಹುತೇಕ ಎಲ್ಲರೂ ಅಲ್ಲಿಯೇ ಮಡಿದರು. ಅನ್ಯರ ಸಾಮ್ರಾಜ್ಯಕ್ಕಾಗಿ ನಮ್ಮವರು ಪ್ರಾಣ ತೆತ್ತ ಪ್ರಸಂಗಗಳಲ್ಲಿ ಇದೂ ಒಂದು. 1919ರಲ್ಲಿ ಅಫಘಾನರು ತಮ್ಮ ಪರರಾಷ್ಟ್ರ ವ್ಯವಹಾರವನ್ನು ಬ್ರಿಟಿಷರ ಹಿಡಿತದಿಂದ ಬಿಡಿಸಿಕೊಂಡರು. ಮುಂದೆ 1928-29ರ ಅಂತಃಕಲಹದಲ್ಲಿ ಬ್ರಿಟಿಷ್ ನಿಯೋಗದವರನ್ನೂ ಇತರ ಪರದೇಶೀಯರನ್ನೂ ಸೇರಿಸಿ 586 ಜನರನ್ನು ಚಳಿಗಾಲದ ಮಧ್ಯದಲ್ಲಿ ವಿಮಾನಗಳಿಂದ ಸಾಗಿಸಬೇಕಾಯಿತು. ಬಲದಿಂದ ನೆಟ್ಟ ಧ್ವಜವು ಆ ನೆಲದಲ್ಲಿ ಬೇರು ಬಿಡಲಿಲ್ಲ.

ಸ್ವತಂತ್ರ ಭಾರತವು ಕಾಬೂಲಿಗೆ ಹೋದ ಮಾರ್ಗವೇ ಬೇರೆ. 1950ರ ಜನವರಿ 4ರಂದು ಎರಡು ದೇಶಗಳೂ ಸರಿಸಮಾನವಾಗಿ ಕುಳಿತು ಮೈತ್ರಿಯ ಒಪ್ಪಂದಕ್ಕೆ ರುಜು ಹಾಕಿದುವು. ಆ ಮೈತ್ರಿಯು ರಾಜನ ಕಾಲದಲ್ಲಿಯೂ, ರಾಜತ್ವ ಅಳಿದ ಮೇಲೆಯೂ, ರಷ್ಯನ್ ಸೇನೆಯಿದ್ದ ಕಾಲದಲ್ಲಿಯೂ ಒಂದಲ್ಲ ಒಂದು ರೀತಿಯಿಂದ ನಡೆದುಬಂದಿತು. 1996ರ ಸೆಪ್ಟೆಂಬರಿನಲ್ಲಿ ತಾಲಿಬಾನರು ನಗರವನ್ನು ಹಿಡಿದಾಗ ನಮ್ಮ ಕಛೇರಿಯನ್ನು ಮುಚ್ಚಲಾಯಿತು. ವಿಶ್ವಸಂಸ್ಥೆಯ ಆವರಣದಲ್ಲಿ ಆಶ್ರಯ ಪಡೆದಿದ್ದ ಮಾಜಿ ಅಧ್ಯಕ್ಷ ನಜೀಬುಲ್ಲಾನನ್ನೇ ಎಳೆದೊಯ್ದು ಕೊಂದ ದಿನಗಳವು. ಮುಚ್ಚಿದುದು ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಮುಚ್ಚಿದ ಬಾಗಿಲಿಗೆ ನಾವು ತೆತ್ತ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ದೆಹಲಿಗೆ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಕಂದಾಹಾರಕ್ಕೆ ಒಯ್ದಾಗ, ಆ ದೇಶದಲ್ಲೆಲ್ಲಾ ನಮ್ಮವನೆನ್ನುವ ಒಬ್ಬ ಗುಮಾಸ್ತನೂ ಇರಲಿಲ್ಲ. ಮೊದಲು ಇಸ್ಲಾಮಾಬಾದಿನ ನಮ್ಮ ಕಛೇರಿಯಿಂದ ಅಧಿಕಾರಿಯೊಬ್ಬರನ್ನು ಕಳುಹಬೇಕಾಯಿತು. ಕೊನೆಗೆ ಡಿಸೆಂಬರ್ 31ರಂದು ಮೂವರು ಬಂದಿಗಳನ್ನು ಬಿಟ್ಟುಕೊಟ್ಟು ಪ್ರಯಾಣಿಕರನ್ನು ಬಿಡಿಸಿಕೊಂಡೆವು. ಕಛೇರಿ ಇದ್ದಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತೆಂದು ನಾವು ವಾದಿಸುವುದಿಲ್ಲ. ಕತ್ತಲೆಯಲ್ಲಿ ತಡಕಾಡುವ ಗತಿಯಾದರೂ ತಪ್ಪುತ್ತಿತ್ತು.

2001ರ ಕೊನೆಯಲ್ಲಿ ನಮ್ಮ ಪ್ರತಿನಿಧಿಗಳು ಮರಳಿ ಕಾಬೂಲನ್ನು ಸೇರಿದರು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಡೆದ ಕೆಲಸವು ಯಾವ ದೇಶಕ್ಕಾದರೂ ಭೂಷಣವೆನಿಸುವಂಥಾದ್ದು. ಜರಂಜಿನಿಂದ ದೇಲಾರಾಮಿನ ವರೆಗೆ 218 ಕಿಲೋಮೀಟರ್ ಹೆದ್ದಾರಿಯನ್ನು ಹಾಕಿಕೊಟ್ಟೆವು. ಪುಲೆಖುಮ್ರಿಯಿಂದ ಹಿಂದೂಕುಷ್ ಪರ್ವತವನ್ನು ದಾಟಿಸಿ ಕಾಬೂಲಿಗೆ ವಿದ್ಯುತ್ತಿನ ತಂತಿಯನ್ನು ತಂದೆವು. ನೂತನ ಪಾರ್ಲಿಮೆಂಟ್ ಭವನವು 2015ರಲ್ಲಿಯೂ, ಹೇರಾತ್ ಪ್ರಾಂತದಲ್ಲಿ 42 ಮೆಗಾವಾಟ್ ವಿದ್ಯುತ್ತನ್ನೂ 75,000 ಹೆಕ್ಟೇರ್ ನೆಲಕ್ಕೆ ನೀರನ್ನೂ ಉದ್ದೇಶಿಸಿ ಕಟ್ಟಿದ ಸಲ್ಮಾ ಅಣೆಕಟ್ಟು 2016ರಲ್ಲಿಯೂ ಪ್ರಾರಂಭವಾದುವು. ಇವೆಲ್ಲಕ್ಕೂ ಓಲೆ ಬರೆದು, ಲೆಕ್ಕವಿಟ್ಟು, ಅಡ್ಡಿಗಳನ್ನು ನಿವಾರಿಸಿದವರು ಕಾಬೂಲಿನ ಕಛೇರಿಯ ಅಧಿಕಾರಿಗಳೇ.

ಇದನ್ನು ಸಹಿಸದವರು ಆ ಕಛೇರಿಯನ್ನು ಗುರಿಯಿಟ್ಟು ಹೊಡೆದರು. 2008ರ ಜುಲೈ 7ರ ಬೆಳಿಗ್ಗೆ ಬಾಗಿಲಿನಲ್ಲಿಯೇ ಸಿಡಿದ ಬಾಂಬಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ಬ್ರಿಗೇಡಿಯರ್ ರವಿದತ್ತ ಮೆಹತಾ, ರಾಯಭಾರ ಸಚಿವ ವಿ. ವೆಂಕಟೇಶ್ವರ ರಾವ್, ಇಬ್ಬರು ಕಾವಲಿನ ಯೋಧರು ಮಡಿದರು. ಸತ್ತವರಲ್ಲಿ ಹೆಚ್ಚಿನವರು ಅಫಘಾನರು. ವೀಸಾ ಬೇಡಿ ನಮ್ಮ ಬಾಗಿಲಿಗೆ ಬಂದವರೂ ಅವರಲ್ಲಿದ್ದರು. ಮರುವರ್ಷ ಅಕ್ಟೋಬರ್ 8ರಂದು ಮತ್ತೊಂದು ಸ್ಫೋಟದಲ್ಲಿ 17 ಮಂದಿ ಸತ್ತರು. ಆಗಲೂ ನಾವು ಬಾಗಿಲನ್ನು ಮುಚ್ಚಲಿಲ್ಲ.

2021ರ ಆಗಸ್ಟ್ 15ರಂದು ಕಾಬೂಲು ಮತ್ತೆ ತಾಲಿಬಾನರ ವಶವಾದಾಗ, ಎರಡು ದಿನಗಳಲ್ಲಿ ನಮ್ಮವರನ್ನೆಲ್ಲ ವಾಯುಸೇನೆಯ ವಿಮಾನದಲ್ಲಿ ಕರೆತರಲಾಯಿತು. ಆದರೆ ಈ ಸಾರಿ ಸರ್ಕಾರದವರು ಹಳೆಯ ಪಾಠವನ್ನು ಮರೆಯಲಿಲ್ಲ. 2022ರ ಜೂನ್ ತಿಂಗಳಲ್ಲಿಯೇ ಸಣ್ಣದೊಂದು ತಂಡವನ್ನು ಮರಳಿ ಕಳುಹಿದರು. ಅದರ ಪ್ರಯೋಜನವು 2025ರ ಆಗಸ್ಟ್ 31ರ ರಾತ್ರಿ ಕುನಾರ್ ಪ್ರಾಂತದಲ್ಲಿ ಭೂಕಂಪವಾಗಿ ಎರಡು ಸಾವಿರಕ್ಕೂ ಮಿಕ್ಕಿ ಜನ ಮಡಿದಾಗ ಕಂಡುಬಂದಿತು. ಸಾವಿರ ಗುಡಾರಗಳು ಮಾರನೆಯ ದಿನವೇ ಕಾಬೂಲನ್ನು ಮುಟ್ಟಿದುವು. ಅಲ್ಲಿದ್ದ ನಮ್ಮ ಅಧಿಕಾರಿಗಳು 15 ಟನ್ ಆಹಾರವನ್ನು ಕುನಾರಿಗೆ ಸಾಗಿಸಿದರು.

ಇನ್ನು ಆಕ್ಷೇಪಣೆಯ ಮಾತು. ತಾಲಿಬಾನರ ಪರರಾಷ್ಟ್ರ ಮಂತ್ರಿ ಮುತ್ತಖಿಯವರು 2025ರ ಅಕ್ಟೋಬರಿನಲ್ಲಿ ದೆಹಲಿಗೆ ಬಂದು, ಅಲ್ಲಿನ ಅಫಘಾನ್ ರಾಯಭಾರ ಕಛೇರಿಯಲ್ಲಿ ಪತ್ರಕರ್ತರನ್ನು ಕಂಡಾಗ ಮಹಿಳೆಯರಿಗೆ ಪ್ರವೇಶ ದೊರೆಯಲಿಲ್ಲ. ಆ ಸಭೆಯಲ್ಲಿ ತಮ್ಮ ಪಾತ್ರವಿರಲಿಲ್ಲವೆಂದು ನಮ್ಮ ಸರ್ಕಾರದವರು ಹೇಳಿದರು. ನ್ಯಾಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಆ ಕಟ್ಟಡದ ಒಳಗೆ ನಮ್ಮ ಪೋಲೀಸರು ಅಪ್ಪಣೆಯಿಲ್ಲದೆ ಹೋಗಕೂಡದೆಂಬುದಷ್ಟೇ ನಿಯಮ, ಅದು ನಿಂತಿರುವ ನೆಲ ದೆಹಲಿಯದೇ. ಅತಿಥಿಗೆ ಮನೆಯ ಮರ್ಯಾದೆಯನ್ನು ಮೊದಲೇ ತಿಳಿಸಬೇಕಾದುದು ಆತಿಥೇಯನ ಧರ್ಮ. ದೇಶದಲ್ಲಿ ಕೂಗೆದ್ದ ಮೇಲೆ ಎರಡೇ ದಿನಗಳಲ್ಲಿ ಮಂತ್ರಿಗಳು ಮಹಿಳೆಯರನ್ನೂ ಕರೆದು ಮಾತನಾಡಿದರು. ಮಾತನಾಡಿದರೆ ಫಲವುಂಟೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಸರ್ಕಾರದ ಮೇಲೆಯೂ ಒಂದು ಋಣವಿದೆ. 2021ರ ಆಗಸ್ಟಿನಲ್ಲಿ, ಆಗ ಭಾರತದಲ್ಲಿರದಿದ್ದ ಅಫಘಾನರಿಗೆ ಹಿಂದೆ ಕೊಟ್ಟಿದ್ದ ವೀಸಾಗಳನ್ನೆಲ್ಲ ಒಂದೇ ಆಜ್ಞೆಯಿಂದ ರದ್ದು ಮಾಡಲಾಯಿತು. ಇಲ್ಲಿನ ಕಾಲೇಜುಗಳಲ್ಲಿ ಓದುತ್ತಿದ್ದು ರಜೆಗೆಂದು ಊರಿಗೆ ಹೋಗಿದ್ದವರು ಅಲ್ಲಿಯೇ ಸಿಕ್ಕಿಬಿದ್ದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಆ ದೇಶದ ವಿದ್ಯಾರ್ಥಿಗಳಿದ್ದರು. ಅವರೊಡನೆ ಒಂದೇ ಬೆಂಚಿನಲ್ಲಿ ಕುಳಿತ ನಮ್ಮ ಮಕ್ಕಳಿಗೆ ಈ ಕಷ್ಟ ದೂರದ ಸುದ್ದಿಯಲ್ಲ. ಸ್ವದೇಶದಲ್ಲಿ ಪ್ರೌಢಶಾಲೆಯಿಂದಲೂ, 2022ರ ಡಿಸೆಂಬರಿನಿಂದ ವಿಶ್ವವಿದ್ಯಾನಿಲಯದಿಂದಲೂ ಹೊರಗಾದ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ ವೀಸಾವನ್ನೂ, ಬರಲಾರದವರಿಗೆ ಮನೆಯಲ್ಲಿಯೇ ಓದುವ ಅನುಕೂಲವನ್ನೂ ಕಲ್ಪಿಸಿಕೊಡುವುದು ಕಾಬೂಲಿನ ಕಛೇರಿಯ ಮೊದಲನೆಯ ಕಾರ್ಯವಾಗತಕ್ಕದ್ದು. ಎಷ್ಟು ಮಂದಿಗೆ ಕೊಟ್ಟರೆಂಬ ಲೆಕ್ಕವನ್ನು ವರ್ಷ ವರ್ಷವೂ ಪಾರ್ಲಿಮೆಂಟಿನ ಮುಂದಿಡಲಿ.

ಸಂಧಾನಕ್ಕೆಂದು ಹಸ್ತಿನಾವತಿಗೆ ಹೋದ ಶ್ರೀಕೃಷ್ಣನು ಕೌರವನ ಸಭೆಯಲ್ಲಿ ಮಾತನಾಡಿದನು. ಆದರೆ ಉಂಡುದು ವಿದುರನ ಮನೆಯಲ್ಲಿ. ಅರಮನೆಯೊಡನೆ ವ್ಯವಹಾರ, ಸಜ್ಜನರೊಡನೆ ಬಾಂಧವ್ಯ ಎಂಬ ಆ ರಾಜನೀತಿಯನ್ನು ನಮ್ಮ ಅಧಿಕಾರಿಗಳು ಕಾಬೂಲಿನಲ್ಲಿ ಪಾಲಿಸಲೆಂದು ಹಾರೈಸುತ್ತೇವೆ.