ಕಂಪ್ಯೂಟರಿಗೆ ಮೆಮೊರಿ ಕೊಳ್ಳುವವರಲ್ಲಿ ಎರಡು ಮಾತು

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಬಳಿಕ ಗಡಿನಾಡಿನ ಅನೇಕ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಹತ್ತು ಹನ್ನೆರಡು ವರ್ಷಗಳಿಂದ ಮೇಜಿನ ಮೇಲೆ ಕುಳಿತಿರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ, ಅಥವಾ ಸ್ವಲ್ಪ ಖರ್ಚು ಮಾಡಿ ಮಕ್ಕಳ ಹತ್ತನೆಯ ತರಗತಿ ಮುಗಿಯುವವರೆಗಾದರೂ ದೂಡಬಹುದೆ? ಮೆಮೊರಿ ಹಾಕಿಸಿದರೆ ಸಾಕು ಎನ್ನುವವರು ಕೆಲವರು. ಇದು ಇನ್ನು ಆಗುವ ಹೋಗುವ ಮಾತಲ್ಲ, ಹೊಸದನ್ನೇ ಕೊಳ್ಳಿ ಎನ್ನುವವರು ಮತ್ತೆ ಕೆಲವರು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ರಕ್ಷಕರು ಹಣ ಕಳೆದುಕೊಳ್ಳುವುದು ಹಳೆಯದರಿಂದಲೂ ಅಲ್ಲ, ಹೊಸದರಿಂದಲೂ ಅಲ್ಲ. ತಮ್ಮ ಯಂತ್ರಕ್ಕೆ ಹೊಂದದ ಮೆಮೊರಿಯನ್ನು ಕೊಂಡು ತರುವುದರಿಂದ ಎಂಬುದು ನಮ್ಮ ಅನುಭವ.

‘ಮಾಸ್ಟ್ರೇ, ಈಗ ನಾಲ್ಕು ಜಿ.ಬಿ. ಉಂಟು, ಎಂಟು ಮಾಡಿಸಬೇಕು’ ಎಂದು ನಮ್ಮಲ್ಲಿ ಕೇಳುವವರು ಬಹಳ. ಎಂಟು ಎಂಬ ಅಂಕೆಯೊಂದನ್ನೇ ಹಿಡಿದುಕೊಂಡು ಅಂಗಡಿಗೆ ಹೋಗುವುದೆಂದರೆ, ಮನೆಯ ಬೀಗ ಯಾವುದೆಂದು ನೋಡದೆ ಇಷ್ಟು ತೂಕದ ಕೀಲಿಕೈ ಕೊಡಿ ಎಂದು ಕೇಳಿದ ಹಾಗೆ. ಇದನ್ನು ಭಾಷೆಯ ತೊಡಕೆಂದು ತಳ್ಳಿಹಾಕುವಂತೆಯೂ ಇಲ್ಲ. ಕಾಸರಗೋಡಿನಲ್ಲಿ ಮಲಯಾಳದಲ್ಲಿ ಕೇಳಿದರೂ ಮಂಗಳೂರಿನಲ್ಲಿ ಕನ್ನಡದಲ್ಲಿ ಕೇಳಿದರೂ, ಕೇಳಬೇಕಾದ ಪ್ರಶ್ನೆ ತಿಳಿಯದವನಿಗೆ ಸಿಗುವ ಫಲ ಒಂದೇ. ಮಾತು ಸಲೀಸೆಂದು ಮಂಗಳೂರಿಗೆ ಹೋದವರು ತಪ್ಪು ವಸ್ತುವನ್ನು ಹಿಂದೆ ಕೊಡಲು ಇನ್ನೊಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಳ್ಳುತ್ತಾರೆ, ಅಷ್ಟೇ.

ಮೊದಲು ತಿಳಿಯಬೇಕಾದುದು ಮೆಮೊರಿಯ ತಲೆಮಾರು. 2007ರ ಸುಮಾರಿಗೆ ಬಂದದ್ದು ಡಿಡಿಆರ್-3, 2014ರಲ್ಲಿ ಡಿಡಿಆರ್-4, 2021ರ ಕೊನೆಗೆ ಮನೆಯ ಕಂಪ್ಯೂಟರುಗಳಿಗೆ ಡಿಡಿಆರ್-5. ಹೆಸರು ಒಂದೇ ಮನೆತನದ್ದಾದರೂ ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವಂತಹವಲ್ಲ. ಡಿಡಿಆರ್-3 ಸ್ಟಿಕ್ಕಿಗೆ 240 ಪಿನ್ನುಗಳು, 1.5 ವೋಲ್ಟ್ ವಿದ್ಯುತ್ತು. ಡಿಡಿಆರ್-4ಕ್ಕೆ 288 ಪಿನ್ನು, 1.2 ವೋಲ್ಟ್. ಡಿಡಿಆರ್-5ಕ್ಕೂ 288 ಪಿನ್ನೇ, ಆದರೆ 1.1 ವೋಲ್ಟ್. ಸ್ಟಿಕ್ಕಿನ ಕೆಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದನ್ನು ಪ್ರತಿ ತಲೆಮಾರಿಗೂ ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದಾರೆ, ತಪ್ಪು ವಸ್ತು ಸ್ಲಾಟಿನೊಳಗೆ ಇಳಿಯಬಾರದೆಂದೇ. ಇದು ತಯಾರಕರು ನಮಗೆ ಮಾಡಿದ ಉಪಕಾರ. ಇಳಿಯದಿದ್ದರೆ ಒತ್ತಬಾರದು. ನಮ್ಮ ಪರಿಚಯದ ಮನೆಯೊಂದರಲ್ಲಿ, ಡಿಡಿಆರ್-3 ಬೇಕಾದ ಯಂತ್ರಕ್ಕೆ ಅಂಗಡಿಯವರು ಡಿಡಿಆರ್-4 ಕೊಟ್ಟು ಕಳುಹಿಸಿದ್ದರು. ಮನೆಯ ಹಿರಿಮಗ ಹೆಬ್ಬೆರಳಿನ ಬಲ ತೋರಿಸಿದ. ಸ್ಲಾಟಿನ ಕೊಕ್ಕೆ ಮುರಿಯಿತು. ಒಮ್ಮೆ ಕೊಂಡದ್ದನ್ನು ಹಿಂದೆ ತೆಗೆದುಕೊಳ್ಳುವ ಕ್ರಮ ತಮ್ಮಲ್ಲಿಲ್ಲ ಎಂದು ಅಂಗಡಿಯವರು ಹೇಳಿದರಂತೆ. ಬಿಲ್ಲಿನಲ್ಲಿ ಇದ್ದುದು ‘8 ಜಿ.ಬಿ. ರ‍್ಯಾಮ್’ ಎಂಬ ಎರಡು ಪದ ಮಾತ್ರ. ಯಾವ ತಲೆಮಾರಿನದೆಂಬ ಉಲ್ಲೇಖವೇ ಇಲ್ಲದಾಗ ವಾದಿಸುವುದಾದರೂ ಯಾವ ಆಧಾರದ ಮೇಲೆ?

ಹಾಗಾದರೆ ನಮ್ಮ ಯಂತ್ರದ್ದು ಯಾವುದೆಂದು ತಿಳಿಯುವುದು ಹೇಗೆ? ಇಂಟೆಲ್ ಪ್ರೊಸೆಸರಿನ ಸಂಖ್ಯೆಯಿಂದ ಅರ್ಧ ತಿಳಿಯುತ್ತದೆ. ಐ3-2120, ಐ3-3220, ಐ3-4130 ಇವು ಎರಡು, ಮೂರು, ನಾಲ್ಕನೆಯ ತಲೆಮಾರಿನವು. ಇವುಗಳೊಂದಿಗೆ ಇರುವುದು ಡಿಡಿಆರ್-3. ಆದರೆ 2015ರ ಆರನೆಯ ತಲೆಮಾರಿನಲ್ಲಿ ಕೆಲವು ಬೋರ್ಡುಗಳಿಗೆ ಡಿಡಿಆರ್-4, ಕೆಲವಕ್ಕೆ ಕಡಿಮೆ ವೋಲ್ಟಿನ ಡಿಡಿಆರ್-3. ಹನ್ನೆರಡರಿಂದ ಹದಿನಾಲ್ಕನೆಯ ತಲೆಮಾರಿನವರೆಗೂ ಇದೇ ಕಥೆ: ಅದೇ ಪ್ರೊಸೆಸರ್, ಒಂದು ಬೋರ್ಡಿನಲ್ಲಿ ಡಿಡಿಆರ್-4, ಇನ್ನೊಂದರಲ್ಲಿ ಡಿಡಿಆರ್-5. ಎ.ಎಂ.ಡಿ.ಯವರ ಎಎಂ4 ಬೋರ್ಡುಗಳಿಗೆ ಡಿಡಿಆರ್-4, 2022ರ ಎಎಂ5ಕ್ಕೆ ಡಿಡಿಆರ್-5 ಮಾತ್ರ. ಆದುದರಿಂದ ಪ್ರೊಸೆಸರಿನ ಹೆಸರು ಕೇಳಿ ತೀರ್ಮಾನಿಸದೆ ಬೋರ್ಡಿನ ಮೇಲೆಯೇ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳುವುದು ಲೇಸು. ಈಗಿರುವ ಸ್ಟಿಕ್ಕಿನ ಚೀಟಿಯನ್ನೂ ಓದಬೇಕು: ‘ಪಿಸಿ3’ ಎಂದು ಆರಂಭವಾದರೆ ಡಿಡಿಆರ್-3, ‘ಪಿಸಿ4’ ಎಂದಿದ್ದರೆ ಡಿಡಿಆರ್-4. ‘ಪಿಸಿ3-12800’ ಎಂದಿದ್ದರೆ ವೇಗ 1600 ಎಂದರ್ಥ. ಪೆಟ್ಟಿಗೆ ಬಿಚ್ಚಲು ಹೆದರುವವರು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಪುಟ ತೆರೆದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂದು ಕಾಣುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ತಲೆಮಾರನ್ನೂ ತಿಳಿಸುತ್ತದೆ.

ಇಲ್ಲಿಗೆ ಮುಗಿಯಿತೆನ್ನುವಂತಿಲ್ಲ. ತಲೆಮಾರು ಸರಿಯಿದ್ದರೂ ಮೋಸ ಹೋಗುವ ದಾರಿಗಳುಂಟು. ಡಿಡಿಆರ್-3ರಲ್ಲಿ ‘ಎ.ಎಂ.ಡಿ. ಯಂತ್ರಗಳಿಗೆ ಮಾತ್ರ’ ಎಂಬ ಅಗ್ಗದ ಸ್ಟಿಕ್ಕುಗಳನ್ನು ಆನ್‌ಲೈನ್ ಮಳಿಗೆಗಳಲ್ಲಿ ಮಾರುತ್ತಾರೆ. ಕಚ್ಚು ಸರಿಯಾಗಿ ಕೂರುತ್ತದೆ, ಇಂಟೆಲ್ ಯಂತ್ರ ಮಾತ್ರ ಎಚ್ಚರಗೊಳ್ಳುವುದಿಲ್ಲ. ಆ ‘ಮಾತ್ರ’ ಎಂಬ ಪದ ವಿವರಣೆಯ ಕೊನೆಯಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ದೊಡ್ಡ ಸಂಸ್ಥೆಗಳ ಸರ್ವರುಗಳಿಂದ ಕಳಚಿದ ‘ರಿಜಿಸ್ಟರ್ಡ್’ ಮೆಮೊರಿಯೂ ಹಾಗೆಯೇ; ಬೆಲೆ ಕಂಡು ಆಸೆಯಾಗುತ್ತದೆ, ಮನೆಯ ಡೆಸ್ಕ್‌ಟಾಪಿನಲ್ಲಿ ಅದು ನಡೆಯದು. ಪುಸ್ತಕದಷ್ಟು ಗಾತ್ರದ ಪುಟ್ಟ ಡೆಸ್ಕ್‌ಟಾಪುಗಳಲ್ಲಿ ಹಲವಕ್ಕೆ ಬೇಕಾದುದು ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ಕು. ಎಚ್61, ಎಚ್81 ಜಾತಿಯ ಬೋರ್ಡುಗಳಲ್ಲಿ ಎರಡೇ ಸ್ಲಾಟು, ಒಟ್ಟು 16 ಜಿ.ಬಿ. ಮೀರದು. ಇನ್ನು ವಿಂಡೋಸಿನ 32 ಬಿಟ್ ಆವೃತ್ತಿ ಹಾಕಿಕೊಂಡವರು ಎಂಟಲ್ಲ, ಹದಿನಾರು ಹಾಕಿಸಿದರೂ ಅದು ಬಳಸುವುದು ನಾಲ್ಕರ ಒಳಗೆಯೇ. ಮೆಮೊರಿ ಮಾರುವಾಗ ಈ ಒಂದು ಮಾತನ್ನು ಕೇಳಿ ತಿಳಿದುಕೊಳ್ಳುವ ವರ್ತಕರನ್ನು ನಾವು ಕಂಡದ್ದು ಕಡಿಮೆ.

ವೇಗದ ವಿಷಯದಲ್ಲಿ ಅಷ್ಟೊಂದು ಗಾಬರಿ ಬೇಡ. 1333ರ ಸ್ಟಿಕ್ಕಿನ ಪಕ್ಕದಲ್ಲಿ 1600ರದ್ದನ್ನು ಇಟ್ಟರೆ ಸಾಮಾನ್ಯವಾಗಿ ಎರಡೂ 1333ರಲ್ಲಿ ನಡೆಯುತ್ತವೆ. ಇರುವ 4ರ ಜೊತೆಗೆ ಇನ್ನೊಂದು 4 ಸೇರಿಸಿದರೆ ಎರಡೂ ಜೋಡೆತ್ತಿನಂತೆ ಕೆಲಸ ಮಾಡುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲದ ಮನೆಯ ಯಂತ್ರಗಳಿಗೆ ಇದರಿಂದ ಲಾಭವೇ.

ಆದರೆ ಮೆಮೊರಿಯಿಂದ ಆಗದ ಕೆಲಸವನ್ನು ಆಗುತ್ತದೆಂದು ನಂಬಿಸುವವರ ಬಗ್ಗೆ ನಾವು ಕಟುವಾಗಿಯೇ ಹೇಳಬೇಕಾಗಿದೆ. ವಿಂಡೋಸ್ 11 ಕೇಳುವ ಕನಿಷ್ಠ ಮೆಮೊರಿ ನಾಲ್ಕೇ ಜಿ.ಬಿ. ಹಳೆಯ ಯಂತ್ರ ಅಲ್ಲಿ ಅನುತ್ತೀರ್ಣವಾಗುವುದು ಮೆಮೊರಿಯ ಕೊರತೆಯಿಂದಲ್ಲ, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗ ಮತ್ತು ಇಂಟೆಲಿನಲ್ಲಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕೆಂಬ ನಿಯಮದಿಂದ. ‘ರ‍್ಯಾಮ್ ಹಾಕಿಸಿ, ಹನ್ನೊಂದು ಹಾಕಿಕೊಡುತ್ತೇವೆ’ ಎಂಬ ಮಾತಿಗೆ ಮೂರನೆಯ ತಲೆಮಾರಿನ ಯಂತ್ರದವರು ಕಿವಿಗೊಡಬಾರದು. ಅಂಥವರಿಗೆ ದಾರಿ ಬೇರೆ ಇದೆ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯವರು ಒದಗಿಸಿರುವ, ಉಬುಂಟುವನ್ನು ಆಧರಿಸಿದ ಉಚಿತ ವ್ಯವಸ್ಥೆಯಲ್ಲೇ ನಮ್ಮ ಮಕ್ಕಳು ಪಾಠ ಕಲಿಯುತ್ತಾರೆ. ಅದೇ ವ್ಯವಸ್ಥೆ ಮನೆಯಲ್ಲಿಯೂ ಇದ್ದರೆ, ಎಂಟು ಜಿ.ಬಿ.ಯ ಹಳೆಯ ಯಂತ್ರ ಕನ್ನಡ ಪಠ್ಯಪುಸ್ತಕದ ಕಡತ ತೆರೆಯುವುದಕ್ಕೂ, ಐ.ಟಿ. ಅಭ್ಯಾಸಕ್ಕೂ ಧಾರಾಳ ಸಾಕು. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು ಎಂಬ ಗೊಂದಲವೂ ತಪ್ಪುತ್ತದೆ.

ನಿಜಕ್ಕೂ ಮೆಮೊರಿಯೇ ಬೇಕೆ ಎಂದು ನೋಡಿಕೊಳ್ಳುವುದೂ ಅಗತ್ಯ. ಮಗು ದಿನವೂ ಬಳಸುವುದನ್ನೆಲ್ಲ ತೆರೆದಿಟ್ಟು ಮೆಮೊರಿಯ ಪುಟ ನೋಡಿ. ಬಹುಪಾಲು ತುಂಬಿಹೋಗಿದ್ದರೆ ಸರಿ. ಅರ್ಧವೂ ತುಂಬದಿದ್ದರೆ ನಿಧಾನಕ್ಕೆ ಕಾರಣ ಬೇರೆ. ಸುತ್ತುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕುವುದು ಅಂಥಲ್ಲಿ ಮೊದಲಿನ ಕೆಲಸ.

ಇಷ್ಟೆಲ್ಲ ಲೆಕ್ಕಾಚಾರ ಈಗಲೇ ಏಕೆಂದರೆ, 2025ರ ಉತ್ತರಾರ್ಧದಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿತು. ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರು ದೊಡ್ಡ ತಯಾರಕರು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯತ್ತ ತಿರುಗಿದ್ದಾರೆ. ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ವಹಿವಾಟಿನಿಂದ ಹೊರಗೆ ಹೋಗುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಸಾರಿತು. ಅಮೆರಿಕದ ದತ್ತಾಂಶ ಕೇಂದ್ರಕ್ಕೂ ಪೆರ್ಲದ ಅಡಿಕೆ ಕೃಷಿಕನ ಜೇಬಿಗೂ ಎಲ್ಲಿಂದೆಲ್ಲಿಯ ಸಂಬಂಧವೆಂದು ಕೇಳಬಹುದು. ಸಂಬಂಧ ಬಿಲ್ಲಿನಲ್ಲಿ ಕಾಣುತ್ತದೆ. ಡಿಡಿಆರ್-3ರಲ್ಲಿ ಬಳಸಿದ ಸ್ಟಿಕ್ಕು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಹಿಂದೆ ಕೊಡುವ ಒಪ್ಪಂದದ ಮೇಲೆ ತಂದು, ಮೆಮ್‌ಟೆಸ್ಟ್ ಎಂಬ ಉಚಿತ ಪರೀಕ್ಷೆಯನ್ನು ಒಂದು ರಾತ್ರಿ ನಡೆಸಿ, ಒಂದು ತಪ್ಪೂ ತೋರದಿದ್ದರೆ ಇಟ್ಟುಕೊಳ್ಳಬಹುದು.

ಈ ದಿಸೆಯಲ್ಲಿ ನಮ್ಮದೊಂದು ಸಲಹೆ. ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಘಟಕಗಳಿವೆ. ಕನ್ನಡ ಮಾಧ್ಯಮದ ಘಟಕಗಳ ಮಕ್ಕಳು ತಿಂಗಳಿಗೊಂದು ಶನಿವಾರ ಪರಿಸರದ ಮನೆಯವರಿಗೆ ಒಂದು ಚೀಟಿ ಬರೆದುಕೊಡಬಾರದೇಕೆ? ಬೋರ್ಡಿನ ಮಾದರಿ, ಡಿಡಿಆರ್ ತಲೆಮಾರು, ಸ್ಟಿಕ್ಕು ಉದ್ದದ್ದೋ ಗಿಡ್ಡದ್ದೋ, ಖಾಲಿ ಸ್ಲಾಟು ಎಷ್ಟು, ಒಟ್ಟು ಎಷ್ಟರವರೆಗೆ ಹಾಕಬಹುದು, ಈಗಿನ ವ್ಯವಸ್ಥೆ 32 ಬಿಟ್ಟೋ 64 ಬಿಟ್ಟೋ — ಇಷ್ಟು ಸಾಕು. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿದ್ದರೆ ಮಲಯಾಳ ಮಾತನಾಡುವ ವರ್ತಕರಿಗೂ ತೊಂದರೆಯಿಲ್ಲ. ಕೊಳ್ಳುವವರು ಅದನ್ನೇ ಮುಂದಿಟ್ಟು, ತಲೆಮಾರು ಮತ್ತು ವೇಗವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಬರೆಯಲೊಪ್ಪದ ಅಂಗಡಿಯಿಂದ ಎದ್ದು ಬರಬೇಕು. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾವು ಇದನ್ನು ಪ್ರಸ್ತಾಪಿಸಲಿದ್ದೇವೆ. ಚೀಟಿಯ ನಮೂನೆ ಸಿದ್ಧವಾಗಿದೆ. ಬೇರೆ ಶಾಲೆಯವರು ಬಂದು ಪ್ರತಿ ಮಾಡಿಕೊಳ್ಳಲು ನಮ್ಮ ಅಡ್ಡಿಯಿಲ್ಲ.