ಯಾರೂ ನೋಡದ ನಿಯಮ



ದಸರಾ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಒಂದು ಸಂಜೆ ಜಗಲಿಯಲ್ಲಿ ಕೂತು ಅಳುತ್ತಿದ್ದಳು. ಬಿದ್ದಿರಲಿಲ್ಲ, ಯಾರೂ ಬೈದಿರಲಿಲ್ಲ. ಕೈಯಲ್ಲಿ ಅವಳ ಸೋದರಮಾವ ಚಿಕ್ಕವನಿದ್ದಾಗ ಆಡಿ ಅಟ್ಟಕ್ಕೆ ಹಾಕಿದ್ದ ಗೇಮ್ ಬಾಯ್ ಅಡ್ವಾನ್ಸ್ ಯಂತ್ರ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಈಗಲೂ ಓಡುತ್ತದೆ. ಅದರ ಪರದೆಗೆ ಸ್ವಂತ ಬೆಳಕಿಲ್ಲ, ಹಾಗಾಗಿ ಬಿಸಿಲಿರುವ ಕಡೆಯೇ ಕೂರಬೇಕು.

“ಏನಾಯಿತು ಪುಟ್ಟಿ?” ಅಂದೆ.

“ಗುಂಡ ಹೋದ ಅಜ್ಜ” ಅಂದಳು.

ಗುಂಡ ಯಾರು ಅಂತ ಹೇಳುವ ಮೊದಲು ಈ ಆಟದ ಕಥೆ ಹೇಳಬೇಕು. ಮಕ್ಕಳಿಗೆ ಗೊತ್ತಿರುತ್ತದೆ, ಅಜ್ಜ ಅಜ್ಜಿಯರಿಗಾಗಿ ಹೇಳುತ್ತೇನೆ.

ಜಪಾನಿನಲ್ಲಿ ಸತೋಶಿ ತಾಜಿರಿ ಎಂಬವರಿದ್ದಾರೆ. ಅವರು ಬೆಳೆದದ್ದು ಟೋಕಿಯೊ ಹೊರವಲಯದ ಮಾಚಿದಾ ಎಂಬ ಊರಿನಲ್ಲಿ. ಹುಡುಗನಿದ್ದಾಗ ಅವರಿಗೆ ಹುಳು ಹಿಡಿಯುವ ಹುಚ್ಚು. ಹೊಲ, ಕೊಳ, ಮರದ ಬುಡ, ಎಲ್ಲಿ ಜೀರುಂಡೆ ಸಿಗುತ್ತದೋ ಅಲ್ಲಿ ಅವರು. ಊರು ಬೆಳೆದು ಹೊಲ ಕೊಳಗಳ ಮೇಲೆ ಕಟ್ಟಡ ಎದ್ದಾಗ ಹುಳುಗಳೂ ಹೋದವು. ದೊಡ್ಡವರಾದ ಮೇಲೆ, ಹುಳು ಹಿಡಿಯುವ ಆ ಸಂತೋಷವನ್ನು ಮುಂದಿನ ಮಕ್ಕಳಿಗೂ ಕೊಡಬೇಕು ಅಂತ ಅವರು ಒಂದು ಆಟ ಮಾಡಿದರು. ಅದೇ ಪೋಕೆಮಾನ್. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಅದರ ಮೊದಲ ಎರಡು ಆಟಗಳು ಬಂದವು, ರೆಡ್ ಮತ್ತು ಗ್ರೀನ್.

ಆಟ ಇಷ್ಟೇ. ಒಂದು ಮಗು ಮನೆ ಬಿಟ್ಟು ಪ್ರಯಾಣ ಹೊರಡುತ್ತದೆ. ಹುಲ್ಲಿನಲ್ಲಿ, ಗುಹೆಯಲ್ಲಿ, ನೀರಿನಲ್ಲಿ ವಿಚಿತ್ರ ಪ್ರಾಣಿಗಳು ಸಿಗುತ್ತವೆ. ಅವನ್ನು ಹಿಡಿದು ಪಳಗಿಸಬೇಕು. ಒಮ್ಮೆಗೆ ಆರನ್ನು ಮಾತ್ರ ಜೊತೆಗೆ ಕರೆದೊಯ್ಯಬಹುದು. ದಾರಿಯಲ್ಲಿ ಎಂಟು ಗುರುಗಳಿದ್ದಾರೆ, ಅವರ ಪ್ರಾಣಿಗಳ ಜೊತೆ ಕುಸ್ತಿಯಾಡಿ ಗೆದ್ದರೆ ಒಂದೊಂದು ಬಿಲ್ಲೆ ಸಿಗುತ್ತದೆ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು. ಈ ಲೆಕ್ಕ ತಿಳಿದರೆ ಅರ್ಧ ಆಟ ತಿಳಿದಂತೆ.

ತಾಜಿರಿ ಅವರು ಆಟದಲ್ಲಿ ಒಂದು ಕರುಣೆ ಇಟ್ಟಿದ್ದಾರೆ. ಕುಸ್ತಿಯಲ್ಲಿ ಸೋತ ಪ್ರಾಣಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಹೆಚ್ಚಿನ ಊರುಗಳಲ್ಲಿ ಆಸ್ಪತ್ರೆಯಂಥ ಒಂದು ಜಾಗ ಇದೆ. ಅಲ್ಲಿಗೆ ಹೋದರೆ ಕಾಸಿಲ್ಲದೆ ಎಲ್ಲವೂ ವಾಸಿ. ಮಕ್ಕಳ ಆಟದಲ್ಲಿ ಸೋಲು ಅಂದರೆ ಸಾವು ಅಂತ ಆಗಬಾರದು ಅಂತ ಅವರು ಬೇಕೆಂದೇ ಹೀಗೆ ಮಾಡಿದ್ದು. ಒಳ್ಳೆಯ ಯೋಚನೆ ಅಲ್ಲವೇ?

ಆದರೆ ಆಡಿ ಆಡಿ ಪಳಗಿದವರಿಗೆ ಇದು ಸಲೀಸಾಗಿಬಿಟ್ಟಿತು. ಸೋತರೂ ನಷ್ಟವಿಲ್ಲ. ಬೇಡದ ಪ್ರಾಣಿಯನ್ನು ಪೆಟ್ಟಿಗೆಗೆ ಹಾಕಿ ಬೇರೆಯದನ್ನು ತರಬಹುದು. ಆಗ ಆಟಗಾರರು ಏನು ಮಾಡಿದರು ಗೊತ್ತೇ? ಆಟದಲ್ಲಿ ಇಲ್ಲದ ನಿಯಮಗಳನ್ನು ತಮಗೆ ತಾವೇ ಹಾಕಿಕೊಂಡರು. ಒಬ್ಬರು ಕೊನೆಯವರೆಗೂ ಒಂದೇ ಪ್ರಾಣಿಯಿಂದ ಆಡಿದರು. ಇನ್ನೊಬ್ಬರು ನೀರಿನ ಪ್ರಾಣಿಗಳನ್ನು ಮಾತ್ರ ಇಟ್ಟುಕೊಂಡರು. ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ನಜ್‌ಲಾಕ್’.

2010ರಲ್ಲಿ ಅಮೆರಿಕದ ನಿಕ್ ಫ್ರಾಂಕೊ ಎಂಬ ಯುವಕ ಪೋಕೆಮಾನ್ ರೂಬಿ ಎಂಬ ಆಟವನ್ನು ಹೀಗೆ ಕಷ್ಟ ಮಾಡಿಕೊಂಡು ಆಡಿದ. ಆಡುತ್ತಾ ಅದರ ಕಥೆಯನ್ನು ಚಿತ್ರಕಥೆಯಾಗಿ ಬರೆದ. ಅದರಲ್ಲಿ ನಜ್‌ಲೀಫ್ ಎಂಬ ಪ್ರಾಣಿಗೆ, ಆಗ ಟೀವಿಯಲ್ಲಿ ಬರುತ್ತಿದ್ದ ‘ಲಾಸ್ಟ್’ ಧಾರಾವಾಹಿಯ ಜಾನ್ ಲಾಕ್ ಎಂಬ ಪಾತ್ರದ ಮುಖ ಇಟ್ಟಿದ್ದ. ನಜ್‌ಲೀಫ್ ಮತ್ತು ಲಾಕ್ ಸೇರಿ ನಜ್‌ಲಾಕ್. ಹೆಸರು ತಮಾಷೆಯದು, ನಿಯಮ ತಮಾಷೆಯದಲ್ಲ.

ಮೂಲ ನಿಯಮ ಎರಡೇ. ಪ್ರತಿ ಜಾಗದಲ್ಲಿ ಮೊದಲು ಎದುರಾದ ಪ್ರಾಣಿಯನ್ನು ಮಾತ್ರ ಹಿಡಿಯಬಹುದು. ಅದು ತಪ್ಪಿಸಿಕೊಂಡರೆ ಆ ಜಾಗದಲ್ಲಿ ಇನ್ನಿಲ್ಲ. ಮೂರ್ಛೆ ಹೋದ ಪ್ರಾಣಿ ಸತ್ತಂತೆಯೇ ಲೆಕ್ಕ, ಅದನ್ನು ಬಿಟ್ಟುಕೊಡಬೇಕು. ಇದರ ಜೊತೆಗೆ ಬಹುಪಾಲು ಜನ ಇನ್ನೊಂದನ್ನು ಸೇರಿಸುತ್ತಾರೆ: ಹಿಡಿದ ಪ್ರತಿ ಪ್ರಾಣಿಗೂ ಹೆಸರಿಡಬೇಕು.

ನನ್ನ ಮೊಮ್ಮಗಳು ಆಡುತ್ತಿದ್ದದ್ದೂ ಅದೇ ರೂಬಿ ಆಟ. ನಿಯಮಗಳನ್ನು ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದಳು. ಮೇಲಿನ ಮೂರರ ಕೆಳಗೆ ನಾಲ್ಕನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಳು: “ಸ್ವಿಚ್ ಆಫ್ ಮಾಡಿ ಹಿಂದಕ್ಕೆ ಹೋಗುವಂತಿಲ್ಲ.” ಏಕೆಂದರೆ ಆಟವನ್ನು ಆಗಾಗ ಉಳಿಸಿಡಬಹುದು. ಏನಾದರೂ ಎಡವಟ್ಟಾದರೆ ಯಂತ್ರ ಆರಿಸಿ ಮತ್ತೆ ಹಚ್ಚಿದರೆ, ಹಿಂದೆ ಉಳಿಸಿದ ಜಾಗದಿಂದ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ.

ಈಗ ಗುಂಡನ ವಿಷಯ. ಗುಂಡ ಒಂದು ಜಿಗ್‌ಜಾಗೂನ್. ಕಂದು ಬಿಳಿ ಪಟ್ಟೆಯ, ಅಂಕುಡೊಂಕಾಗಿ ಓಡುವ ಪುಟ್ಟ ಪ್ರಾಣಿ. ಶಕ್ತಿಯಲ್ಲಿ ಏನೇನೂ ಅಲ್ಲ. ಸಾಮಾನ್ಯವಾಗಿ ಆಡುವವರು ಅದನ್ನು ಬೇಗ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಆದರೆ ಮೊದಲು ಎದುರಾದದ್ದು ಅದೇ, ನಿಯಮ ನಿಯಮವೇ. ಹೆಸರಿಟ್ಟು ಜೊತೆಗೆ ಕರೆದುಕೊಂಡಳು. ಅದಕ್ಕೊಂದು ಒಳ್ಳೆಯ ಬುದ್ಧಿ ಇದೆ: ಕುಸ್ತಿ ಮುಗಿದ ಮೇಲೆ ಕೆಲವೊಮ್ಮೆ ಎಲ್ಲಿಂದಲೋ ಒಂದು ಔಷಧವನ್ನೋ ಮತ್ತೊಂದನ್ನೋ ಹೆಕ್ಕಿಕೊಂಡು ಬಂದಿರುತ್ತದೆ. “ಅಜ್ಜ, ಗುಂಡ ಇವತ್ತು ಏನು ತಂದ ನೋಡು” ಅಂತ ಊಟದ ಹೊತ್ತಿಗೆ ವರದಿ ಬರುತ್ತಿತ್ತು. ಮೂರು ದಿನದಲ್ಲಿ ನನಗೂ ಗುಂಡ ನಮ್ಮ ಮನೆಯವನೇ ಅನ್ನಿಸಿದ್ದ.

ಆ ಸಂಜೆ ಪೆಟಲ್‌ಬರ್ಗ್ ಎಂಬ ಕಾಡಿನಲ್ಲಿ ಒಂದು ಕಂಬಳಿಹುಳು ಗುಂಡನಿಗೆ ವಿಷದ ಮುಳ್ಳು ಚುಚ್ಚಿತು. ಕುಸ್ತಿ ಗೆದ್ದಳು, ಆದರೆ ವಿಷ ಮೈಯಲ್ಲೇ ಉಳಿಯಿತು. ಈ ಆಟದಲ್ಲಿ ವಿಷವೇರಿದ ಪ್ರಾಣಿಯ ಜೀವ ಪ್ರತಿ ನಾಲ್ಕು ಹೆಜ್ಜೆಗೆ ಒಂದರಂತೆ ಇಳಿಯುತ್ತದೆ. ಗುಂಡನಲ್ಲಿ ಐದು ಉಳಿದಿತ್ತು. ಲೆಕ್ಕ ಮಾಡಿ ಮಕ್ಕಳೇ: ಐದು ನಾಲ್ಕಲಿ ಇಪ್ಪತ್ತು ಹೆಜ್ಜೆ. ಕಾಡು ದಾಟಿ ಊರು ಸೇರಲು ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ವಿಷ ಇಳಿಸುವ ಔಷಧ ಹಿಂದಿನ ಊರಿನ ಅಂಗಡಿಯಲ್ಲಿತ್ತು. ಕೈಯಲ್ಲಿ ಹಣವೂ ಇತ್ತು. ಕೊಳ್ಳಲು ಮರೆತಿದ್ದಳು. ಅವಳು ಅತ್ತದ್ದು ಗುಂಡ ಸೋತದ್ದಕ್ಕಲ್ಲ, ತಾನು ಮರೆತದ್ದಕ್ಕೆ.

ಮಗುವಿನ ಅಳು ನೋಡಲಾಗಲಿಲ್ಲ. ನಾನೇ ಹೇಳಿದೆ: “ಅಳಬೇಡ. ಆ ಸ್ವಿಚ್ ಆರಿಸಿ ಮತ್ತೆ ಹಾಕು. ಗುಂಡ ಬರುತ್ತಾನೆ. ಇಲ್ಲಿ ಯಾರು ನೋಡುತ್ತಾರೆ?”

ಅವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. “ನಾನು ನೋಡ್ತೀನಲ್ಲ ಅಜ್ಜ” ಅಂದಳು.

ನಲವತ್ತು ವರ್ಷ ಶಾಲೆಯಲ್ಲಿ ‘ಯಾರೂ ನೋಡದಿದ್ದರೂ ತಪ್ಪು ಮಾಡಬಾರದು’ ಅಂತ ಪಾಠ ಹೇಳಿದವನು ನಾನು. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ.

ಅವಳು ಉಳಿದ ಪ್ರಾಣಿಗಳನ್ನು ಕರೆದುಕೊಂಡು ಊರು ಸೇರಿದಳು. ಅಲ್ಲಿ ಒಂದು ಗಣಕಯಂತ್ರವಿದೆ, ಬೇಡದ ಪ್ರಾಣಿಗಳನ್ನು ಬಿಟ್ಟುಕೊಡುವುದು ಅದರ ಮೂಲಕ. ಬಿಡಬೇಕೇ ಅಂತ ಆಟ ಕೇಳಿತು. ಅವಳ ಹೆಬ್ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಒತ್ತಿದಳು. ಲೆಕ್ಕದ ಪುಸ್ತಕ ತೆರೆದು ಬರೆದಳು: “ಗುಂಡ. ಪೆಟಲ್‌ಬರ್ಗ್ ಕಾಡು. ನಾನು ಔಷಧ ಮರೆತೆ.”

“ಸತ್ತ ಅಂತ ಬರೆಯಲಿಲ್ಲವೇ?” ಅಂತ ಮೆಲ್ಲಗೆ ಕೇಳಿದೆ.

“ಸತ್ತಿಲ್ಲ ಅಜ್ಜ. ಕಾಡಿಗೆ ವಾಪಸ್ ಹೋದ. ನನ್ನ ಜೊತೆ ಬರಲ್ಲ ಅಷ್ಟೆ.”

ತಾಜಿರಿ ಅವರ ಕರುಣೆಯನ್ನೂ, ನಿಯಮದ ಬಿಗಿಯನ್ನೂ ಎರಡನ್ನೂ ಉಳಿಸಿಕೊಂಡಿದ್ದಳು ಹುಡುಗಿ.

ಆ ರಾತ್ರಿ ನನಗೆ ನನ್ನ ಬಾಲ್ಯದ ಚೌಕಾಬಾರ ನೆನಪಾಯಿತು. ಅಜ್ಜ ಅಜ್ಜಿಯರಿಗೆ ಹೇಳಬೇಕಿಲ್ಲ, ಅದರಲ್ಲೂ ಕಾಯಿ ಕಡಿಸಿಕೊಂಡರೆ ಮತ್ತೆ ಮನೆಯಿಂದ ಹೊರಡಬೇಕು. ನಮ್ಮ ಮನೆಯಲ್ಲಿ, ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿರಲಿಲ್ಲ. ಒಮ್ಮೆ ಅಕ್ಕ ನೀರು ಕುಡಿಯಲು ಒಳಗೆ ಹೋದಾಗ ಬೋರಲಾಗಿದ್ದ ಒಂದು ಕವಡೆಯನ್ನು ಬೆರಳಿನಿಂದ ಅಂಗಾತ ಮಾಡಿದ್ದೆ. ಆ ಆಟ ಗೆದ್ದೆ. ಅಕ್ಕನಿಗೆ ಗೊತ್ತಾಗಲೇ ಇಲ್ಲ. ಆದರೆ ಅರವತ್ತು ವರ್ಷ ಕಳೆದರೂ ನನಗೆ ಗೊತ್ತಿದೆ. ಮರುದಿನ ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ನಕ್ಕು, “ಅಜ್ಜಿಗೆ ಫೋನ್ ಮಾಡಿ ಹೇಳಿಬಿಡು” ಅಂದಳು. ಹೇಳಿದೆ. ಅಕ್ಕನಿಗೆ ಈಗ ಎಂಬತ್ತರ ಹತ್ತಿರ. “ಹಾಗಾದರೆ ಆ ಆಟ ನಂದು” ಅಂದಳು.

ಕಷ್ಟದ ನಿಯಮ ಹಾಕಿಕೊಂಡರೆ ಆಟದಲ್ಲಿ ಏನೇನು ಬದಲಾಗುತ್ತದೆ ಅಂತ ಆಮೇಲೆ ಗಮನಿಸಿದೆ. ಮೊದಲನೆಯದು, ಸಿಕ್ಕಿದ್ದರಲ್ಲೇ ಒಳ್ಳೆಯದನ್ನು ಹುಡುಕಬೇಕಾಗುತ್ತದೆ. ಬೇಕಾದ್ದನ್ನು ಆರಿಸಿಕೊಳ್ಳುವಂತಿದ್ದರೆ ಗುಂಡನ ಔಷಧ ಹೆಕ್ಕುವ ಬುದ್ಧಿ ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

ಎರಡನೆಯದು, ಲೆಕ್ಕ. ಈ ಆಟದಲ್ಲಿ ಸಾಮಾನ್ಯವಾಗಿ ಹದಿನಾರರಲ್ಲಿ ಒಂದು ಏಟು ಎರಡರಷ್ಟು ಜೋರಾಗಿ ಬೀಳುವ ಸಂಭವವಿದೆ. ಸುಮ್ಮನೆ ಆಡುವವರು ಅದನ್ನು ಅದೃಷ್ಟ ಅನ್ನುತ್ತಾರೆ. ಇವಳು, “ಎದುರಾಳಿಯ ಏಟು ಎಂಟರದ್ದು, ನನ್ನಲ್ಲಿ ಹದಿನಾರಕ್ಕಿಂತ ಹೆಚ್ಚಿದ್ದರೆ ಮಾತ್ರ ನಿಲ್ಲುತ್ತೇನೆ, ಇಲ್ಲದಿದ್ದರೆ ಬೇರೆಯವನನ್ನು ಕಳಿಸುತ್ತೇನೆ” ಅಂತ ಬೆರಳೆಣಿಸುತ್ತಿದ್ದಳು. ಮೊದಲ ಗುರು ರಾಕ್ಸಾನ್ ಬಳಿ ಇರುವುದೆಲ್ಲ ಕಲ್ಲಿನ ಪ್ರಾಣಿಗಳು. ಕಲ್ಲಿಗೆ ನೀರು ಮದ್ದು. ಕೆಸರಿ ಎಂಬ ಹೆಸರಿನ ಅವಳ ಮಡ್‌ಕಿಪ್ ಅಲ್ಲಿ ಗೆದ್ದು ಮೊದಲ ಬಿಲ್ಲೆ ತಂದಿತು. ಹೊರಡುವ ಮುಂಚೆ ಚೀಲದಲ್ಲಿ ಮೂರು ವಿಷದ ಔಷಧ ಇದ್ದದ್ದನ್ನು ನಾನೇ ನೋಡಿದೆ. ರಾಕ್ಸಾನ್ ಹತ್ತಿರ ವಿಷದ ಪ್ರಾಣಿ ಒಂದೂ ಇಲ್ಲ. “ಇರಲಿ ಅಜ್ಜ” ಅಂದಳು. ನಾನೂ ಇರಲಿ ಅಂದೆ.

ಮೂರನೆಯದು, ಹೆಸರು. ಹೆಸರಿಟ್ಟದ್ದನ್ನು ಯಾರೂ ಸುಮ್ಮನೆ ಬಿಸಾಡುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಹಸುಗಳಿಗೆ ಹೆಸರಿತ್ತು, ಅದಕ್ಕೇ ಒಂದು ಮೇಯದೆ ನಿಂತರೆ ಮನೆಮಂದಿಗೆಲ್ಲ ಊಟ ಸೇರುತ್ತಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಎರಡು ಕಿವಿಮಾತು. ಮಕ್ಕಳೇ, ನಿಯಮವನ್ನು ಆಟಕ್ಕೆ ಮೊದಲೇ ಬರೆದಿಡಿ. ಒಮ್ಮೆ ಹಿಡಿದ ಜಾತಿಯೇ ಮತ್ತೆ ಎದುರಾದರೆ ಅದನ್ನು ಬಿಟ್ಟು ಮುಂದಿನದನ್ನು ಹಿಡಿಯಬಹುದು ಅಂತ ಅನೇಕರು ವಿನಾಯಿತಿ ಇಟ್ಟುಕೊಳ್ಳುತ್ತಾರೆ. ಅದು ಮೋಸವಲ್ಲ, ಮೊದಲೇ ಹೇಳಿಕೊಂಡಿದ್ದರೆ. ಸೋತ ಮೇಲೆ ಹುಟ್ಟುವ ವಿನಾಯಿತಿಯೇ ಮೋಸ. ಹಾಗೆಯೇ ನಿಯಮದ ಪಟ್ಟಿಯಲ್ಲಿ ಹೊತ್ತಿನ ನಿಯಮವೂ ಇರಲಿ. ನಮ್ಮಲ್ಲಿ ದಿನಕ್ಕೆ ಮುಕ್ಕಾಲು ಗಂಟೆ, ದೀಪ ಹಚ್ಚುವ ಹೊತ್ತಿಗೆ ಯಂತ್ರ ಒಳಗೆ. ಸೋಲು ತೀರಾ ಮನಸ್ಸಿಗೆ ಹತ್ತಿದರೆ ನಿಯಮ ಸಡಿಲ ಮಾಡಿ ಹೊಸದಾಗಿ ಶುರು ಮಾಡಿ. ಆಟ ಇರುವುದು ನಿಮಗಾಗಿ.

ಅಜ್ಜ ಅಜ್ಜಿಯರೇ, ಮಗು ಆಟದ ಯಂತ್ರ ಹಿಡಿದು ಅಳುತ್ತಿದ್ದರೆ “ಅದೇನು ನಿಜವೇ?” ಅಂತ ನಗಬೇಡಿ. ಪಕ್ಕದಲ್ಲಿ ಕೂತು ಯಾರು ಹೋದರು, ಅವನ ಹೆಸರೇನು ಅಂತ ಕೇಳಿ. ಮತ್ತೆ, ನನ್ನ ಹಾಗೆ ಸ್ವಿಚ್ ಆರಿಸುವ ಬುದ್ಧಿ ಹೇಳಲು ಹೋಗಬೇಡಿ.

ಈ ವಾರದ ಕೆಲಸ ಇದು. ನೀವು ದಿನಾ ಆಡುವ ಒಂದು ಆಟ ಆರಿಸಿ. ಚೌಕಾಬಾರವಾಗಲಿ, ಕೇರಂ ಆಗಲಿ, ಪೋಕೆಮಾನ್ ಆಗಲಿ. ಅದಕ್ಕೆ ಒಂದೇ ಒಂದು ಹೊಸ ನಿಯಮ ನೀವೇ ಹಾಕಿಕೊಳ್ಳಿ. ಕೇರಂನಲ್ಲಿ ಎಡಗೈಯಿಂದ ಮಾತ್ರ ಹೊಡೆಯುವುದು ಅಂತ ಇಟ್ಟುಕೊಳ್ಳಬಹುದು. ಅಜ್ಜನೂ ಮೊಮ್ಮಗುವೂ ಒಬ್ಬೊಬ್ಬರು ಒಂದೊಂದು ನಿಯಮ ಬರೆದು, ಒಂದು ವಾರ ಪಾಲಿಸಿ, ಆಮೇಲೆ ಎಲ್ಲಿ ಆಸೆ ಹುಟ್ಟಿತು ಅಂತ ಒಬ್ಬರಿಗೊಬ್ಬರು ನಿಜ ಹೇಳಿ.

ನನ್ನದು ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಪದಬಂಧ ಬಿಡಿಸುವಾಗ ಉತ್ತರದ ಪುಟ ತಿರುಗಿಸಿ ನೋಡುವುದಿಲ್ಲ. ನಿನ್ನೆ ಎರಡು ಮನೆ ಖಾಲಿ ಉಳಿದವು. ಖಾಲಿಯೇ ಬಿಟ್ಟೆ.

ಮುಂದಿನ ವಾರ ಸಿಗೋಣ.