ಕಾಣುವ ಸಕ್ಕರೆ, ಕಾಣದ ಸಕ್ಕರೆ

ಮಕ್ಕಳೇ, ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೀವೆಲ್ಲ ನೋಡಿರುತ್ತೀರಿ. ಗಿಳಿ, ನವಿಲು, ಆನೆ, ತುಳಸಿಕಟ್ಟೆ, ಮಂಟಪ ಹೀಗೆ ಎಷ್ಟೊಂದು ಆಕಾರಗಳು! ಮರದಲ್ಲಿ ಕೊರೆದ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಒಳಗೆ ಬಿಸಿ ಸಕ್ಕರೆ ಪಾಕವನ್ನು ಹುಯ್ಯುತ್ತಾರೆ. ಪಾಕ ಆರಿ ಗಟ್ಟಿಯಾದ ಮೇಲೆ ಹೋಳುಗಳನ್ನು ಬಿಚ್ಚಿದರೆ ಬಿಳಿಯ ಗಿಳಿ ಸಿದ್ಧ. ಇದು ನಮ್ಮ ಮರಗೆಲಸದವರ ಜಾಣ್ಮೆಯಿಂದ ಹುಟ್ಟಿದ ಒಂದು ಸೊಗಸಾದ ವಿನ್ಯಾಸ. ಒಂದು ವಸ್ತು ಹೇಗಿರಬೇಕು, ಹೇಗೆ ಕಾಣಬೇಕು, ಹೇಗೆ ಬಳಕೆಯಾಗಬೇಕು ಎಂದು ಯೋಚಿಸಿ ರೂಪಿಸುವುದನ್ನೇ ವಿನ್ಯಾಸ ಎನ್ನುತ್ತೇವೆ.

ಈ ಅಚ್ಚಿಗೆ ಇನ್ನೊಂದು ಒಳ್ಳೆಯ ಗುಣವಿದೆ. ಅದು ಗಿಳಿಯಂತೆ ಕಂಡರೂ ಸಕ್ಕರೆಯೇ ಎಂಬುದು ಯಾರಿಗೂ ಗುಟ್ಟಲ್ಲ. ತಿನ್ನುವವರಿಗೆ ತಾವು ತಿನ್ನುತ್ತಿರುವುದೇನು ಎಂದು ಗೊತ್ತಿರುತ್ತದೆ. ಈಗ ಅಂಗಡಿಯಲ್ಲಿ ತೂಗುಹಾಕಿದ ಬಣ್ಣದ ಪೊಟ್ಟಣಗಳನ್ನು ನೋಡಿ. ಒಂದರ ಮೇಲೆ ಮಾವಿನಹಣ್ಣಿನ ಚಿತ್ರ, ಮತ್ತೊಂದರ ಮೇಲೆ ಹಾಲಿನ ಲೋಟ, ಇನ್ನೊಂದರ ಮೇಲೆ ನಗುವ ಕಾರ್ಟೂನ್ ಬೊಂಬೆ. ಒಳಗೆ ಎಷ್ಟು ಸಕ್ಕರೆ ಇದೆ? ನೋಡಿ ಹೇಳಬಲ್ಲಿರಾ?

ಹೇಳಲಾರಿರಿ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ತಿನ್ನುವ ಪದಾರ್ಥದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಅದು ಪೊಟ್ಟಣದ ಮುಂಭಾಗದಲ್ಲೇ, ಓದು ಬಾರದವರಿಗೂ ತಿಳಿಯುವಂತೆ ಕಾಣಬೇಕು. ಏಕೆಂದು ನೋಡೋಣ.

ಎಣಿಸಬಹುದಾದ ಸಕ್ಕರೆ

ಹಿಂದೆ ಯೂರೋಪಿನಲ್ಲಿ ಸಕ್ಕರೆಯನ್ನು ದೊಡ್ಡ ಶಂಕುವಿನ ಆಕಾರದ ಗಟ್ಟಿಗಳಾಗಿ ಮಾರುತ್ತಿದ್ದರು. ಕಲ್ಲಿನಂತೆ ಗಡುಸಾದ ಆ ಗಟ್ಟಿಯನ್ನು ಕತ್ತರಿಸಲು ಇಕ್ಕಳ, ಸುತ್ತಿಗೆ ಬೇಕಾಗುತ್ತಿತ್ತು. ಇಂದಿನ ಚೆಕ್ ಗಣರಾಜ್ಯದ ದಾಚಿತ್ಸೆ ಎಂಬ ಊರಿನ ಸಕ್ಕರೆ ಕಾರ್ಖಾನೆಗೆ ಯಾಕುಬ್ ಕ್ರಿಶ್ಟೋಫ್ ರಾಡ್ ಎಂಬುವರು ನಿರ್ದೇಶಕರಾಗಿದ್ದರು. ಅವರ ಹೆಂಡತಿ ಯೂಲಿಯಾನಾ ಸಕ್ಕರೆ ಕತ್ತರಿಸುವಾಗ ಬೆರಳು ಗಾಯಮಾಡಿಕೊಂಡರಂತೆ. ಕತ್ತರಿಸುವ ಕೆಲಸವೇ ಬೇಡವಾಗುವಂಥ ಸಕ್ಕರೆ ಮಾಡಬಾರದೇ ಎಂದು ಅವರು ಕೇಳಿದರಂತೆ. ರಾಡ್ ಯೋಚಿಸಿದರು. ಒದ್ದೆ ಮಾಡಿದ ಸಕ್ಕರೆ ಪುಡಿಯನ್ನು ಮನೆಗಳಿರುವ ಅಚ್ಚಿಗೆ ತುಂಬಿ, ಒತ್ತಿ, ಒಣಗಿಸಿದರು. ಸಕ್ಕರೆಯ ಘನಾಕೃತಿಗಳು ಹೊರಬಂದವು. 1843ರಲ್ಲಿ ಅವರಿಗೆ ಇದರ ಹಕ್ಕುಪತ್ರ ದೊರೆಯಿತು. ಆ ಊರಿನಲ್ಲಿ ಈಗಲೂ ಸಕ್ಕರೆಯ ಘನಾಕೃತಿಗೆ ಒಂದು ಸ್ಮಾರಕವಿದೆ!

ಬೆರಳು ಉಳಿಸಲು ಮಾಡಿದ ಈ ವಿನ್ಯಾಸದಿಂದ ಇನ್ನೊಂದು ಲಾಭವಾಯಿತು. ಸಕ್ಕರೆ ಎಣಿಕೆಗೆ ಸಿಕ್ಕಿತು. ಚಹಾಕ್ಕೆ ಎರಡು ತುಂಡು ಹಾಕಿದರೆ ಎರಡು, ಮೂರು ಹಾಕಿದರೆ ಮೂರು. ನಮ್ಮ ಮನೆಯ ಚಮಚವೂ ಇದೇ ಕೆಲಸ ಮಾಡುತ್ತದೆ. ಕೈಯಾರೆ ಹಾಕಿಕೊಂಡ ಸಕ್ಕರೆಯ ಲೆಕ್ಕ ನಮಗೆ ಗೊತ್ತಿರುತ್ತದೆ.

ಅಡಗಿ ಕುಳಿತ ಸಕ್ಕರೆ

ಬಾಟಲಿಯ ಪಾನೀಯಕ್ಕೆ ಬನ್ನಿ. ಸಿಹಿಯಾದ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಹಾಗಾದರೆ 600 ಮಿಲಿಲೀಟರ್ ಬಾಟಲಿಯಲ್ಲಿ ಎಷ್ಟು? 60 ಗ್ರಾಂ. ಒಂದು ಚಹಾ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಅಂದರೆ ಬಾಟಲಿಯಲ್ಲಿರುವುದು 15 ಚಮಚ! ಒಂದು ಲೋಟ ನಿಂಬೆ ಪಾನಕಕ್ಕೆ ಅಮ್ಮ 15 ಚಮಚ ಸಕ್ಕರೆ ಹಾಕಿದರೆ ನೀವು ಕುಡಿಯುತ್ತೀರಾ? ಬಾಟಲಿಯಲ್ಲಿದ್ದರೆ ಮಾತ್ರ ಕುಡಿದುಬಿಡುತ್ತೇವೆ. ಸಕ್ಕರೆ ಕಣ್ಣಿಗೆ ಕಾಣುವುದಿಲ್ಲ. ಅದು ತಣ್ಣಗಿದ್ದಾಗ, ಹುಳಿ ಬೆರೆತಾಗ ನಾಲಿಗೆಗೂ ಪೂರ್ತಿ ತಿಳಿಯುವುದಿಲ್ಲ.

‘ಪೊಟ್ಟಣದ ಹಿಂದೆ ಬರೆದಿರುತ್ತಾರಲ್ಲ’ ಎಂದು ನೀವು ಕೇಳಬಹುದು. ನಿಜ, ಬರೆದಿರುತ್ತಾರೆ. ಆದರೆ ಅಕ್ಷರಗಳು ಇರುವೆಯಷ್ಟು ಸಣ್ಣವು. ನಮ್ಮ ದೇಶದ ನಿಯಮದಂತೆ ಈ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಸಕ್ಕರೆಗೆ ಬೇರೆ ಬೇರೆ ಹೆಸರುಗಳೂ ಇವೆ. ಡೆಕ್ಸ್‌ಟ್ರೋಸ್, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಫ್ರಕ್ಟೋಸ್ ಇವೆಲ್ಲ ಸಕ್ಕರೆಯ ಬಳಗದವೇ. ಸಂತೆಯ ಗದ್ದಲದಲ್ಲಿ ಪೊಟ್ಟಣ ಕೊಳ್ಳುವ ನಿಮ್ಮ ಅಜ್ಜಿ ಇದನ್ನೆಲ್ಲ ಓದಿ, ಗುಣಿಸಿ, ಭಾಗಿಸಿ ನೋಡಲು ಆದೀತೇ? ಮುಂಭಾಗದಲ್ಲಿ ಮಾತ್ರ ಮಾವಿನಹಣ್ಣು ದೊಡ್ಡದಾಗಿ ನಗುತ್ತಿರುತ್ತದೆ. ಇದೂ ಜಾಣ ವಿನ್ಯಾಸವೇ. ಆದರೆ ಜಾಣತನ ಮಾರುವವರ ಪರವಾಗಿದೆ, ತಿನ್ನುವವರ ಪರವಾಗಿಲ್ಲ.

ಹೊಟ್ಟೆ ಸೇರಿದ ಮೇಲೆ

ಮೊದಲು ಬಾಯಿಯಲ್ಲಿ ಏನಾಗುತ್ತದೆ ನೋಡೋಣ. ಹಲ್ಲಿನ ಮೇಲೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಎಂದರೆ ಹಬ್ಬದೂಟ. ಅವು ಸಕ್ಕರೆಯನ್ನು ತಿಂದು ಆಮ್ಲವನ್ನು ಹೊರಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಪದರವಾದ ಎನಾಮೆಲ್‌ನಿಂದ ಖನಿಜಗಳನ್ನು ಕರಗಿಸುತ್ತದೆ. ನಮ್ಮ ಜೊಲ್ಲು ಆಮ್ಲವನ್ನು ತಗ್ಗಿಸಿ ಹಲ್ಲನ್ನು ರಿಪೇರಿ ಮಾಡಲು ಶ್ರಮಿಸುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಸಮಯ ಬೇಕು. ಅಷ್ಟರಲ್ಲಿ ನೀವು ಇನ್ನೊಂದು ಮಿಠಾಯಿ ಬಾಯಿಗೆ ಹಾಕಿದರೆ? ರಿಪೇರಿ ನಿಲ್ಲುತ್ತದೆ, ಮತ್ತೆ ಆಮ್ಲ ಶುರು. ಆದ್ದರಿಂದ ಎಷ್ಟು ತಿಂದೆವು ಎಂಬುದಷ್ಟೇ ಅಲ್ಲ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಹುಳುಕು ಹಲ್ಲಿನ ಗುಟ್ಟು ಇದೇ.

ಇನ್ನು ಹೊಟ್ಟೆ. ಸಕ್ಕರೆ ಅಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆದು ರಕ್ತಕ್ಕೆ ಬೇಗ ಸೇರುತ್ತದೆ. ಗ್ಲೂಕೋಸನ್ನು ಜೀವಕೋಶಗಳಿಗೆ ಮುಟ್ಟಿಸಲು ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅಗತ್ಯಕ್ಕಿಂತ ಹೆಚ್ಚಾದ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ತೂಕ ಏರುತ್ತದೆ, ಯಕೃತ್ತಿನಲ್ಲಿ ಕೊಬ್ಬು ಕೂಡುತ್ತದೆ, ಇನ್ಸುಲಿನ್ ಮೊದಲಿನಷ್ಟು ಕೆಲಸ ಮಾಡದಂತಾಗುತ್ತದೆ. ಮಧುಮೇಹಕ್ಕೆ ದಾರಿ ತೆರೆಯುತ್ತದೆ. ಮಧುಮೇಹಕ್ಕೆ ಸಕ್ಕರೆಯೊಂದೇ ಕಾರಣವಲ್ಲ. ವಂಶ, ವ್ಯಾಯಾಮವಿಲ್ಲದ ಜೀವನ, ಒಟ್ಟು ಊಟದ ಪ್ರಮಾಣ ಎಲ್ಲವೂ ಸೇರುತ್ತವೆ. ಆದರೂ ಎಚ್ಚರ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ.

‘ಸಕ್ಕರೆ ತಿನ್ನದಿದ್ದರೆ ಶಕ್ತಿ ಎಲ್ಲಿಂದ?’ ಎನ್ನಬೇಡಿ. ರಾಗಿಮುದ್ದೆ, ಅನ್ನ, ಜೋಳದ ರೊಟ್ಟಿಯಲ್ಲಿರುವ ಪಿಷ್ಟವನ್ನು ದೇಹವೇ ನಿಧಾನವಾಗಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿಂದರೆ ನಾರಿನ ಜೊತೆ ಸಿಹಿಯೂ ದೊರೆಯುತ್ತದೆ. ಬೆಲ್ಲ, ಜೇನುತುಪ್ಪದ ಬಗ್ಗೆಯೂ ಒಂದು ಮಾತು. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇದ್ದರೂ ಅದರ ಬಹುಪಾಲು ಸಕ್ಕರೆಯೇ. ಲೆಕ್ಕದಿಂದ ಅದಕ್ಕೆ ವಿನಾಯಿತಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡ 10ಕ್ಕಿಂತ ಕಡಿಮೆ ಇರಬೇಕು, ಶೇಕಡ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದವರಿಗೆ ಶೇಕಡ 5 ಎಂದರೆ 25 ಗ್ರಾಂ, ಸುಮಾರು 6 ಚಮಚ. ಆ ಒಂದು ಬಾಟಲಿಯ 15 ಚಮಚವನ್ನು ನೆನಪಿಸಿಕೊಳ್ಳಿ.

ಹಸಿರು ಚುಕ್ಕೆ ಕಲಿಸುವ ಪಾಠ

ಬಿಸ್ಕತ್ತಿನ ಪೊಟ್ಟಣದ ಮೇಲೆ ಚೌಕದೊಳಗೆ ಹಸಿರು ಚುಕ್ಕೆ ಇರುವುದನ್ನು ನೀವು ಬಲ್ಲಿರಿ. ಅದು ಸಸ್ಯಾಹಾರದ ಗುರುತು. 2001ರಿಂದ ಈ ಬಗೆಯ ಗುರುತು ನಮ್ಮಲ್ಲಿ ಕಡ್ಡಾಯ. ಮೊದಲು ಮಾಂಸಾಹಾರದ ಕಂದು ಗುರುತೂ ದುಂಡಗೇ ಇತ್ತು. ಹಸಿರು, ಕಂದು ಬಣ್ಣಗಳ ವ್ಯತ್ಯಾಸ ತಿಳಿಯದವರಿಗೆ ಅದರಿಂದ ತೊಂದರೆ. 2020ರ ಹೊಸ ನಿಯಮಗಳಲ್ಲಿ ಅದನ್ನು ತ್ರಿಕೋನ ಮಾಡಿದರು. ಎಷ್ಟು ಚಿಕ್ಕ ಗುರುತು, ಎಷ್ಟು ದೊಡ್ಡ ಉಪಕಾರ! ಇದನ್ನು ಓದಲು ಇಂಗ್ಲಿಷ್ ಬೇಡ, ಕನ್ನಡವೂ ಬೇಡ, ಲೆಕ್ಕವೂ ಬೇಡ.

ಸಕ್ಕರೆಗೂ ಇಂಥ ಗುರುತು ಸಾಧ್ಯವೇ? ಸಾಧ್ಯ ಎಂದು ದಕ್ಷಿಣ ಅಮೆರಿಕದ ಚಿಲಿ ದೇಶ ತೋರಿಸಿದೆ. ಅಲ್ಲಿ 2016ರಿಂದ ಸಕ್ಕರೆ ಮಿತಿಮೀರಿದ ಪೊಟ್ಟಣದ ಮುಂಭಾಗದಲ್ಲಿ ಎಂಟು ಮೂಲೆಯ ಕಪ್ಪು ಗುರುತು ಹಾಕಲೇಬೇಕು. ರಸ್ತೆಯಲ್ಲಿ ‘ನಿಲ್ಲಿ’ ಎನ್ನುವ ಫಲಕದ ಆಕಾರ ಅದಕ್ಕೆ. ಅಂಥ ತಿಂಡಿಗಳನ್ನು ಶಾಲೆಯಲ್ಲಿ ಮಾರುವಂತಿಲ್ಲ, ಕಾರ್ಟೂನ್ ಬೊಂಬೆ ತೋರಿಸಿ ಮಕ್ಕಳನ್ನು ಸೆಳೆಯುವಂತಿಲ್ಲ. ಸುಮಾರು ಒಂದೂವರೆ ವರ್ಷದ ನಂತರ ಲೆಕ್ಕ ಹಾಕಿದಾಗ, ಎಚ್ಚರಿಕೆಯ ಮಿತಿಗೆ ಒಳಪಡುವ ಪಾನೀಯಗಳನ್ನು ಜನರು ಕೊಳ್ಳುವ ಪ್ರಮಾಣ ಸುಮಾರು ಶೇಕಡ 24ರಷ್ಟು ಇಳಿದಿತ್ತು. ಗುರುತೊಂದರಿಂದಲೇ ಇದಾಯಿತು ಎನ್ನಲಾಗದು, ಎಲ್ಲ ನಿಯಮಗಳೂ ಸೇರಿ ಆದ ಫಲ ಇದು. 2020ರಲ್ಲಿ ಮೆಕ್ಸಿಕೋ ಕೂಡ ಇಂಥದೇ ಗುರುತನ್ನು ತಂದಿತು.

ನಮ್ಮ ದೇಶದಲ್ಲಿ 2022ರಲ್ಲಿ ಪೊಟ್ಟಣಕ್ಕೆ ನಕ್ಷತ್ರಗಳನ್ನು ಕೊಡುವ ಒಂದು ಕರಡು ಹೊರಟಿತು. ನನಗೆ ಅದಕ್ಕಿಂತ ಎಚ್ಚರಿಕೆಯ ಗುರುತೇ ಮೇಲೆನಿಸುತ್ತದೆ. ನಕ್ಷತ್ರವು ತಿಂಡಿಯ ಒಳ್ಳೆಯದು ಕೆಟ್ಟದ್ದನ್ನೆಲ್ಲ ಕೂಡಿಸಿ ಕಳೆದು ಒಂದೇ ಅಂಕ ಕೊಡುತ್ತದೆ. ಸಕ್ಕರೆ ಎಷ್ಟೆಂಬುದು ಅಲ್ಲಿಯೂ ಮರೆಯಾಗಬಹುದು. ಗಣಿತದಲ್ಲಿ ನಪಾಸಾದವರು ಕನ್ನಡದ ಅಂಕಗಳಿಂದ ಅದನ್ನು ಮುಚ್ಚಿಕೊಂಡ ಹಾಗೆ!

‘ಹಾಗಾದರೆ ಕಬ್ಬು ಬೆಳೆಯುವ ರೈತರ ಗತಿ ಏನು?’ ಎಂದು ಮಂಡ್ಯದ ಕಡೆಯ ಮಕ್ಕಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸಕ್ಕರೆ ಬೇಡವೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಹಬ್ಬಕ್ಕೆ ಹೋಳಿಗೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಇರಲಿ. ಕಬ್ಬಿನಿಂದ ಎಥನಾಲ್ ತಯಾರಿಸಿ ಪೆಟ್ರೋಲಿಗೆ ಬೆರೆಸುವ ಕೆಲಸವೂ ನಮ್ಮಲ್ಲಿ ನಡೆಯುತ್ತಿದೆ. ಎಷ್ಟಿದೆ ಎಂದು ತೋರಿಸಿ ಮಾರಿ ಎನ್ನುವುದಷ್ಟೇ ನಮ್ಮ ಮಾತು. ಇದರಿಂದ ರೈತರಿಗೆ ಅನ್ಯಾಯವಾಗುವುದಿಲ್ಲ.

ನೀವೇ ಮಾಡಿ: ಸಕ್ಕರೆ ಫಲಕ

ದೊಡ್ಡವರು ಗುರುತು ತರಲಿ ಎಂದು ನೀವು ಕಾಯುತ್ತ ಕೂರಬೇಕಿಲ್ಲ. 2025ರಲ್ಲಿ ಸಿ.ಬಿ.ಎಸ್.ಇ. ಮಂಡಳಿ ತನ್ನ ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಇಡಬೇಕೆಂದು ಸೂಚಿಸಿತು. ನಮ್ಮ ಶಾಲೆಗಳಲ್ಲೂ ಅದನ್ನು ಮಾಡಬಹುದು. ಖರ್ಚು ಬಹಳ ಕಡಿಮೆ.

ಬಿದ್ದಿರುವ ಖಾಲಿ ಪೊಟ್ಟಣಗಳನ್ನು ಆರಿಸಿ ತೊಳೆಯಿರಿ. ಹಿಂಭಾಗದಲ್ಲಿ ‘ಟೋಟಲ್ ಶುಗರ್ಸ್’, ‘ಆ್ಯಡೆಡ್ ಶುಗರ್ಸ್’ ಎಂಬ ಇಂಗ್ಲಿಷ್ ಪದಗಳನ್ನು ಹುಡುಕಿ. ಮೊದಲನೆಯದು ಒಟ್ಟು ಸಕ್ಕರೆ, ಎರಡನೆಯದು ಹೊರಗಿನಿಂದ ಸೇರಿಸಿದ ಸಕ್ಕರೆ. ಎರಡನೆಯದನ್ನು ಬರೆದುಕೊಳ್ಳಿ. 100 ಗ್ರಾಂ ತಿಂಡಿಯಲ್ಲಿ 40 ಗ್ರಾಂ ಎಂದಿದ್ದು, ಪೊಟ್ಟಣದ ತೂಕ 50 ಗ್ರಾಂ ಆಗಿದ್ದರೆ, ಅದರಲ್ಲಿರುವ ಸಕ್ಕರೆ 20 ಗ್ರಾಂ. ಅದನ್ನು 4ರಿಂದ ಭಾಗಿಸಿದರೆ 5 ಚಮಚ. ಪೊಟ್ಟಣವನ್ನು ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ 5 ಚಮಚ ಬಿಳಿ ಮರಳು ತುಂಬಿದ ಸಣ್ಣ ಚೀಲ ಕಟ್ಟಿ. ನಿಜವಾದ ಸಕ್ಕರೆ ಕಟ್ಟಿದರೆ ಇರುವೆಗಳು ನಿಮಗಿಂತ ಮೊದಲೇ ಓದಿಬಿಡುತ್ತವೆ!

ಇನ್ನೊಂದು ಕೆಲಸ. 2020ರ ನಿಯಮದ ಪ್ರಕಾರ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಿ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. ಟೇಪು ಹಿಡಿದು ಅಳೆದು ನೋಡಿ. ಅಂಗಡಿಯವರೊಡನೆ ಜಗಳ ಬೇಡ, ಅವರದೂ ಹೊಟ್ಟೆಪಾಡು. ಕಡಲೆಕಾಯಿ, ಬಾಳೆಹಣ್ಣು, ಸೀಬೆಹಣ್ಣು ಇಡಿ ಎಂದು ಕೇಳಿ. ನೀವು ಕೊಳ್ಳುತ್ತೀರಿ ಎಂದಾದರೆ ಅವರು ತಂದೇ ತರುತ್ತಾರೆ.

ನಿಮ್ಮಲ್ಲಿ ಕೆಲವರು ಮುಂದೆ ಪೊಟ್ಟಣಗಳ ಚಿತ್ರ ಬರೆಯುವ ಕಲಾವಿದರಾಗಬಹುದು, ಕೆಲವರು ನಿಯಮ ರೂಪಿಸುವ ಅಧಿಕಾರಿಗಳಾಗಬಹುದು. ಈಗಲೇ ಒಂದು ಹಾಳೆ ತೆಗೆದುಕೊಳ್ಳಿ. ಓದು ಬಾರದ ಅಜ್ಜಿಗೂ ಒಂದೇ ನೋಟಕ್ಕೆ ‘ಇದರಲ್ಲಿ ಸಕ್ಕರೆ ಹೆಚ್ಚು’ ಎಂದು ತಿಳಿಯುವ ಗುರುತೊಂದನ್ನು ಬರೆಯಿರಿ. ಬರೆದು ಅಜ್ಜಿಗೆ ತೋರಿಸಿ. ನೀವು ಬಾಯಿ ಬಿಡುವ ಮೊದಲೇ ಅವರಿಗೆ ಅರ್ಥವಾದರೆ ನಿಮ್ಮ ವಿನ್ಯಾಸ ಗೆದ್ದಿತು ಎಂದು ತಿಳಿಯಿರಿ.